ಜ್ಯೋತಿಯ ರಕ್ತ ಹೇಳಿದ್ದು

ಹೋದ ತಿಂಗಳು ಮಾವನವರನ್ನು ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಹಾಸನಕ್ಕೆ ಕರೆದುಕೊಂಡು ಹೋಗಿದ್ದೆ. ಲ್ಯಾಬಿನ ಹುಡುಗಿ ಅವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಮೊಣಕೈಯ ಮಡಿಕೆಯನ್ನು ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ನನ್ನ ಎಡಗೈ ತಾನಾಗಿ ಮಡಚಿಕೊಂಡಿತು. ಮಾವನವರು ಅದನ್ನು ನೋಡಿ, "ಸೂಜಿ ಚುಚ್ತಿರೋದು ನನಗಮ್ಮ, ನಿನಗಲ್ಲ" ಎಂದು ನಕ್ಕರು. ನಾನೂ ನಕ್ಕೆ. ಆದರೆ ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ, ಕೊರೊನಾ ಎರಡನೇ ಅಲೆಯ ಆ ಬೇಸಿಗೆ ಬೇಡವೆಂದರೂ ಎದುರಿಗೆ ಬಂದು ನಿಂತಿತು.

ಆಗ ನಾನು ಏಳು ತಿಂಗಳ ಬಸುರಿ. ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಶಾಲೆ ಮುಚ್ಚಿತ್ತು. ಊರೇ ಮುಚ್ಚಿದ ಹಾಗಿತ್ತು. ಮಂಡಿಗಳ ಮುಂದೆ ತೆಂಗಿನಕಾಯಿ ರಾಶಿ ಬಿದ್ದಿತ್ತು, ತುಂಬಿಕೊಂಡು ಹೋಗಲು ಲಾರಿ ಬರುತ್ತಿರಲಿಲ್ಲ. ಮಾವನವರು ದೇವಸ್ಥಾನದಲ್ಲಿ ಅರ್ಚಕರು. ಭಕ್ತರಿಲ್ಲದ ಗುಡಿಗೆ ಒಬ್ಬರೇ ಹೋಗಿ ಪೂಜೆ ಮಾಡಿ ಬಾಗಿಲು ಹಾಕಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಹಾಲಿಗೆ ಹೋದ ನನ್ನ ಗಂಡ ಹಾಲಿನ ಜೊತೆಗೆ ಯಾರದಾದರೂ ಸಾವಿನ ಸುದ್ದಿಯನ್ನೂ ತರುತ್ತಿದ್ದರು. ನನಗೆ ಕೇಳಿಸಬಾರದೆಂದು ಬಾಗಿಲಲ್ಲೇ ನಿಂತು ಅತ್ತೆಯ ಹತ್ತಿರ ಪಿಸುಗುಟ್ಟುತ್ತಿದ್ದರು. ನನಗೆ ಎಲ್ಲವೂ ಕೇಳಿಸುತ್ತಿತ್ತು.

ಜ್ವರ ಮೊದಲು ಬಂದದ್ದು ಮಾವನವರಿಗೆ. ಅವರು ಕಷಾಯ, ಮಾತ್ರೆ ಎನ್ನುತ್ತಾ ಬೇಗ ಎದ್ದು ಓಡಾಡಿದರು. ಆಮೇಲೆ ನನಗೆ ಬಂತು. ಕೆಮ್ಮು ಶುರುವಾದರೆ ಹೊಟ್ಟೆ ಕಲ್ಲಿನಂತೆ ಬಿಗಿಯುತ್ತಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಮೂಗಿಗೆ ಕಡ್ಡಿ ಹಾಕಿ ನೋಡಿ, ಬಸುರಿ ಎಂದು ಹಾಸನಕ್ಕೆ ಕಳುಹಿಸಿದರು. ಆಂಬುಲೆನ್ಸಿನ ಹಿಂದೆ ನನ್ನ ಗಂಡ ಸ್ಕೂಟರಿನಲ್ಲಿ ಬರುತ್ತಿದ್ದರು. ಸೋಂಕು ತಾಗದಿರಲೆಂದು ಅವರು ತೊಟ್ಟಿದ್ದ ಹಸಿರು ರೈನ್‌ಕೋಟು ಗಾಜಿನಲ್ಲಿ ಕಾಣುತ್ತಿತ್ತು. ಹಾಸನದ ಹತ್ತಿರ ಪೊಲೀಸರು ಅಡ್ಡಗಟ್ಟಿ ಅವರನ್ನು ನಿಲ್ಲಿಸಿಕೊಂಡರು. ಅವರು ಕೈ ಎತ್ತಿದ್ದು ಪೊಲೀಸರಿಗೆ ಏನೋ ಹೇಳಲೋ, ನನಗೆ ಹೋಗಿ ಬಾ ಎನ್ನಲೋ ಗೊತ್ತಾಗಲಿಲ್ಲ. ಆಂಬುಲೆನ್ಸು ನಿಲ್ಲಲಿಲ್ಲ.

ಬಸುರಿಯರಿಗೆಂದೇ ಮಹಡಿಯ ಮೇಲೆ ಬೇರೆ ವಾರ್ಡು ಮಾಡಿದ್ದರು. ನನ್ನ ಮಂಚ ಕಿಟಕಿಯ ಪಕ್ಕ. ಅದರಾಚೆಯ ಮಂಚದಲ್ಲಿ ಕಾಲು ಮಡಚಿಕೊಂಡು ಕೂತಿದ್ದವಳು ಜ್ಯೋತಿ. ಗೊರೂರಿನವಳು. ಅವಳ ಗಂಡ ಮಾದೇಶ ಅಣೆಕಟ್ಟೆಯ ಹಿನ್ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುತ್ತಾನೆ. ಸಿಂಚನ ಎಂಬ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಜ್ಯೋತಿಗೂ ನನ್ನಂತೆಯೇ ಏಳು ತಿಂಗಳು ತುಂಬಿತ್ತು. ಸಣ್ಣ ಜ್ವರ ಬಂದು ಬಿಟ್ಟಿತ್ತು, ನಾಲಿಗೆಗೆ ರುಚಿ ಇರಲಿಲ್ಲ, ಅಷ್ಟೇ. ಕೆಮ್ಮಿರಲಿಲ್ಲ, ಏದುಸಿರಿರಲಿಲ್ಲ. ಕಾಯಿಲೆಯವಳ ಹಾಗೆ ಕಾಣುತ್ತಿದ್ದವಳು ನಾನು. ನನ್ನನ್ನು ನೋಡಿಕೊಳ್ಳಲು ಬಂದವಳ ಹಾಗೆ ಅವಳಿದ್ದಳು.

"ಟೀಚರಮ್ಮ, ಅಂಗಾತ ಮಲಗ್ಬ್ಯಾಡಿ. ಎಡಕ್ಕೆ ತಿರೀಕ್ಕಳಿ. ಮಗೀಗೆ ಉಸ್ರು ಕಟ್ತದೆ" ಎಂದು ಗದರುತ್ತಿದ್ದಳು. ಕೆಮ್ಮು ಬಂದಾಗ ಎದ್ದು ಬಂದು ಬೆನ್ನು ಸವರುತ್ತಿದ್ದಳು. ಬಿಸಿನೀರು ತಂದುಕೊಡುತ್ತಿದ್ದಳು. ನಾನು ಬೇಡ ಎಂದು ಪಕ್ಕಕ್ಕಿಟ್ಟ ಉಪ್ಪಿಟ್ಟನ್ನು ಮುಂದೆ ತಳ್ಳಿ, "ರುಚಿ ಇಲ್ದಿದ್ರೆ ಏನಂತೆ, ನನ್ಗೂ ಮಣ್ಣು ತಿಂದಂಗೆ ಐತೆ. ಕಣ್ಮುಚ್ಕಂಡ್ ನುಂಗಿ. ತಿನ್ನೋರು ನಾವಲ್ಲ, ಒಳಗಿರೋರು" ಎನ್ನುತ್ತಿದ್ದಳು.

ಪ್ರತಿದಿನ ಬೆಳಿಗ್ಗೆ ಮೈತುಂಬ ಬಿಳಿ ಹೊದಿಕೆ ತೊಟ್ಟವರು ಬಂದು ರಕ್ತ ತೆಗೆಯುತ್ತಿದ್ದರು. ಆ ಸ್ಪಿರಿಟ್ಟಿನ ವಾಸನೆಯಿಂದಲೇ ನಮಗೆ ಬೆಳಗಾಗುತ್ತಿತ್ತು. "ಸೊಳ್ಳೆಗಳು ಬಂದೋ" ಎಂದು ಜ್ಯೋತಿ ಕೈ ಚಾಚುತ್ತಿದ್ದಳು. ಸಿಆರ್‌ಪಿ, ಎಲ್‌ಡಿಎಚ್, ಡಿ-ಡೈಮರ್ ಎಂದು ಅವರು ರಕ್ತಪರೀಕ್ಷೆಗಳ ಮಾತಾಡಿಕೊಳ್ಳುವುದನ್ನು ಕೇಳಿ ಕೇಳಿ ನಮಗೂ ಆ ಹೆಸರುಗಳು ಬಾಯಿಗೆ ಬಂದಿದ್ದವು. ಡಿ-ಡೈಮರ್ ಅನ್ನು ಅವಳು ಡೈಮಂಡ್ ಮಾಡಿಕೊಂಡಿದ್ದಳು. "ಇವತ್ತು ನಂದು ಡೈಮಂಡ್ ಎಷ್ಟ್ ಬಂತು ಸಿಸ್ಟರೆ? ಓಲೆ ಮಾಡುಸ್ಕಬೋದಾ?" ಎಂದು ಕೇಳಿ ವಾರ್ಡಿನವರನ್ನೆಲ್ಲ ನಗಿಸುತ್ತಿದ್ದಳು. ಅಂಥ ದಿನಗಳಲ್ಲಿ ನಗಿಸುವವರು ಒಬ್ಬರಿದ್ದರೆ ಎಷ್ಟು ದೊಡ್ಡ ಆಸರೆ ಎಂಬುದು ಅಲ್ಲಿ ಮಲಗಿದ್ದವರಿಗೇ ಗೊತ್ತು.

ನಮ್ಮನ್ನು ನೋಡುತ್ತಿದ್ದವರು ಶೈಲಜಾ ಎಂಬ ಡಾಕ್ಟರು. ಯಾರು ಯಾರೆಂದು ತಿಳಿಯದ ಆ ಬಿಳಿ ಹೊದಿಕೆಯ ಎದೆಯ ಮೇಲೆ ನೀಲಿ ಮಾರ್ಕರಿನಲ್ಲಿ ಹೆಸರು ಬರೆದುಕೊಂಡು ಬರುತ್ತಿದ್ದರು. ವಿಜ್ಞಾನದ ಮೇಷ್ಟ್ರ ಚಟ ನನ್ನದು, ಸುಮ್ಮನಿರಲಾರದೆ ಒಂದು ದಿನ ಕೇಳಿದೆ: "ದಿನಾ ರಕ್ತದಲ್ಲಿ ಏನು ಹುಡುಕ್ತೀರಿ ಮೇಡಂ?"

ಅವರು ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದರು. ಮೈಯಲ್ಲಿ ಉರಿಯೂತ ಎದ್ದರೆ ರಕ್ತದಲ್ಲಿ ಏರುವ ವಸ್ತು ಒಂದು. ಜೀವಕೋಶಗಳು ಜಖಂಗೊಂಡರೆ ಹೊರಬೀಳುವುದು ಇನ್ನೊಂದು. ರಕ್ತ ಅಲ್ಲಲ್ಲಿ ಹೆಪ್ಪುಗಟ್ಟುತ್ತಿದೆ ಎಂದು ಸುಳಿವು ಕೊಡುವುದು ಮತ್ತೊಂದು. ವೈರಸ್ಸಿನ ಜೊತೆ ಸೆಣಸುವ ಒಂದು ಬಗೆಯ ಬಿಳಿ ರಕ್ತಕಣ ಮಾತ್ರ ಏರುವ ಬದಲು ಇಳಿಯುತ್ತಾ ಹೋಗುತ್ತದೆ. ಇವನ್ನೆಲ್ಲ ಜೊತೆಗಿಟ್ಟು ನೋಡಿದರೆ, ಯಾರಿಗೆ ಕಾಯಿಲೆ ಜೋರಾಗಬಹುದು ಎಂದು ಮೊದಲೇ ಅಂದಾಜು ಸಿಗುತ್ತದೆ.

"ಆದ್ರೆ ಬಸುರಿಯರ ವಿಷಯದಲ್ಲಿ ಕಷ್ಟ" ಎಂದರು ಡಾಕ್ಟರು. "ಯಾವ ಕಾಯಿಲೆ ಇಲ್ಲದಿದ್ರೂ ಇವುಗಳಲ್ಲಿ ಕೆಲವು ತಾವಾಗೇ ಏರಿರುತ್ತವೆ. ಹಾಗಾಗಿ ಒಂದು ದಿನದ ಲೆಕ್ಕ ನೋಡಿ ಹೆದರೋ ಹಾಗಿಲ್ಲ, ಧೈರ್ಯ ತಗೊಳ್ಳೋ ಹಾಗೂ ಇಲ್ಲ. ದಿನಾ ಯಾವ ಕಡೆ ಹೋಗ್ತಿದೆ ಅಂತ ನೋಡ್ಬೇಕು. ಈ ಕಾಯಿಲೇಲಿ ನಾವೂ ಇನ್ನೂ ಕಲೀತಾನೇ ಇದ್ದೀವಿ ಟೀಚರ್."

ಆಸ್ಪತ್ರೆಯಲ್ಲಿ ನನಗೆ ನಿಜವನ್ನು ಅಷ್ಟು ನೇರವಾಗಿ ಹೇಳಿದವರು ಅವರೊಬ್ಬರೇ. ನಾವೂ ಕಲಿಯುತ್ತಿದ್ದೇವೆ ಎಂಬ ಮಾತಿಗೆ ನಾನು ಹೆದರಬೇಕಿತ್ತು. ಯಾಕೋ ಅವರ ಮೇಲೆ ನಂಬಿಕೆ ಬಂತು.

ಕೆಲವು ದಿನಗಳಲ್ಲಿ ನನ್ನ ಜ್ವರ ಇಳಿಯಿತು. ಕೆಮ್ಮು ಮಾತ್ರ ಹಾಗೇ ಇತ್ತು. ಒಂದು ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಬಾಗಿಲ ಕಡೆಯಿಂದ ಒಬ್ಬೊಬ್ಬರನ್ನೇ ನೋಡುತ್ತಾ ಬರದೆ ನೇರವಾಗಿ ಜ್ಯೋತಿಯ ಮಂಚದ ಹತ್ತಿರ ಬಂದರು. ಅವಳು ತಲೆ ಬಾಚಿಕೊಳ್ಳುತ್ತಿದ್ದಳು.

"ಜ್ಯೋತಿ, ನಿನ್ನನ್ನ ಕೆಳಗೆ ಐಸಿಯುಗೆ ಕರ್ಕೊಂಡು ಹೋಗ್ಬೇಕಮ್ಮ" ಎಂದರು.

ಜ್ಯೋತಿ ಬಾಚಣಿಗೆ ಹಿಡಿದ ಕೈಯಲ್ಲೇ ನನ್ನ ಕಡೆ ತೋರಿಸಿ ನಕ್ಕಳು. "ಮೇಡಮ್ಮೋರೆ, ಮಂಚ ತಪ್ಪಿ ಬಂದ್ರಾ? ಕೆಮ್ಮೋರು ಇವ್ರು. ನಾನ್ ಚೆನ್ನಾಗೇ ಇವ್ನಿ."

"ನಿನ್ನ ರಕ್ತ ಹಾಗೆ ಹೇಳ್ತಿಲ್ಲ ಕಣಮ್ಮ. ಮೂರು ದಿನದಿಂದ ನೋಡ್ತಿದ್ದೀನಿ, ಏರಬಾರದ್ದು ಏರ್ತಿದೆ, ಇಳೀಬಾರದ್ದು ಇಳೀತಿದೆ. ಇವತ್ತು ಉಸಿರು ಚೆನ್ನಾಗಿದೆ. ನಾಳೆ ಹೀಗೇ ಇರುತ್ತೆ ಅಂತ ನಾನು ಹೇಳಲಾರೆ. ಕಷ್ಟ ಆದ್ಮೇಲೆ ಹೋಗೋದಕ್ಕಿಂತ ಮೊದಲೇ ಅಲ್ಲಿದ್ದರೆ ಒಳ್ಳೇದು. ಮಗುವಿನ ಶ್ವಾಸಕೋಶ ಬಲಿಯೋಕೆ ಇಂಜೆಕ್ಷನ್ ಕೊಡ್ತೀವಿ. ಬೇಗ ಹೆರಿಗೆ ಮಾಡ್ಬೇಕಾಗಿ ಬಂದರೂ ಬರಬಹುದು."

ಜ್ಯೋತಿಯ ನಗು ಅಲ್ಲಿಗೇ ನಿಂತಿತು. "ಏಳ್ ತಿಂಗಳ್ಗೆ ತಗೀತೀರಾ? ಬ್ಯಾಡ. ನಾನ್ ಒಲ್ಲೆ" ಎಂದಳು. ಆ ವಾರ್ಡಿನಿಂದ ಕೆಳಗೆ ಹೋದ ಇಬ್ಬರು ಮೇಲೆ ಬಂದಿರಲಿಲ್ಲ. ಯಾರೂ ಆ ಮಾತು ಆಡುತ್ತಿರಲಿಲ್ಲ, ಅವರ ಹಾಸಿಗೆ ಬದಲಾಯಿಸಿದ್ದನ್ನು ಎಲ್ಲರೂ ನೋಡಿದ್ದೆವು. ಜ್ಯೋತಿ ಅಲ್ಲೇ ಫೋನ್ ತೆಗೆದು ಗಂಡನಿಗೆ ಮಾಡಿದಳು. "ಮಾದೇಶ, ಬಂದ್ ಕರ್ಕೊಂಡೋಗು ನನ್ನ. ಇಲ್ಲಿದ್ರೆ ಇವ್ರು ನನ್ನ ಕೆಳೀಕ್ ಕಳುಸ್ತಾರೆ." ಆ ಕಡೆಯಿಂದ ಅವನು ಅವಳಿಗಿಂತ ಗಾಬರಿಯಲ್ಲಿ, ಪಕ್ಕದ ಮನೆಯವರ ಗೂಡ್ಸ್ ಆಟೋ ತರುತ್ತೇನೆ, ಹೊರಡಲು ಸಿದ್ಧವಾಗಿರು ಎನ್ನುತ್ತಿದ್ದುದು ನನಗೂ ಕೇಳಿಸಿತು.

ಡಾಕ್ಟರು ಬಹಳ ಹೊತ್ತು ಮಾತಾಡಿದರು. ಜ್ಯೋತಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಆಗ ಅವರು ನನ್ನ ಹತ್ತಿರ ಬಂದು ಬಗ್ಗಿದರು. ಕನ್ನಡಕದ ಒಳಗೆಲ್ಲ ಬೆವರಿನ ಹಬೆ.

"ನೀವೊಂದು ಸಲ ಹೇಳಿ ನೋಡ್ತೀರಾ? ಅವಳು ಇಲ್ಲೀವರೆಗೂ ನನ್ನ ಮುಖಾನೇ ನೋಡಿಲ್ಲ. ಮುಖ ನೋಡದವರ ಮಾತು ಕೇಳಿ ಹೊಟ್ಟೇಲಿರೋ ಮಗೂನ ಹೇಗೆ ಕೊಡ್ತಾಳೆ?"

ನಾನು ಎದ್ದು ಹೋಗಿ ಜ್ಯೋತಿಯ ಮಂಚದ ಅಂಚಿನಲ್ಲಿ ಕೂತೆ. ಡಾಕ್ಟರು ಹೇಳಿಕೊಟ್ಟದ್ದನ್ನೆಲ್ಲ ಮತ್ತೆ ಹೇಳಿದೆ. ತರಗತಿಯಲ್ಲಿ ಹುಡುಗಿಯರಿಗೆ ಹೇಳುವ ಹಾಗೆ, ರಕ್ತ, ಉರಿಯೂತ, ಬಿಳಿಕಣ. ಅವಳು ಗೋಡೆ ನೋಡುತ್ತಲೇ ಇದ್ದಳು. ನನ್ನ ಮಾತು ನನಗೇ ಸಪ್ಪೆಯೆನಿಸಿ ಸುಮ್ಮನಾದೆ.

ಆಗ ಅವಳು ಈ ಕಡೆ ತಿರುಗಿದಳು. "ಟೀಚರಮ್ಮ, ಪಾಠ ಸಾಕು. ಒಂದ್ ಕೇಳ್ತೀನಿ, ನಿಜ ಯೋಳಿ. ನಿಮ್ ರಕ್ತ ಇಂಗ್ ಯೋಳಿದ್ರೆ ನೀವ್ ಓಗ್ತಿದ್ರಾ?"

ಹೌದು ಎಂದುಬಿಡುವುದು ಸುಲಭವಿತ್ತು. ಆ ಇಬ್ಬರ ಖಾಲಿ ಹಾಸಿಗೆ ನನ್ನ ಕಣ್ಣಿಗೂ ಕಾಣುತ್ತಿತ್ತು.

"ಅಳ್ತಾ ಹೋಗ್ತಿದ್ದೆ" ಎಂದೆ. "ಆದ್ರೆ ಹೋಗ್ತಿದ್ದೆ ಕಣೆ ಜ್ಯೋತಿ. ಮನೇಲಿದ್ದಾಗ ಉಸಿರು ಸಿಕ್ಕದೆ ಹೋದ್ರೆ ಗೊರೂರಿಂದ ಇಲ್ಲಿಗೆ ಬರೋಷ್ಟು ಹೊತ್ತು ಇರುತ್ತೋ ಇಲ್ಲವೋ."

ಅವಳು ಎದ್ದು ಕೂತಳು. ಮಗಳಿಗೆ ಫೋನು ಮಾಡಿದಳು. ಸಿಂಚನ ಅಜ್ಜಿ ಜಡೆ ಹಾಕಿದ್ದು ಬಿಗಿಯಾಯಿತೆಂದು ದೂರು ಹೇಳುತ್ತಿದ್ದಳು. "ನಾನ್ ಬಂದು ಸಡ್ಲ ಆಕ್ಕೊಡ್ತೀನಿ ಬುಡು" ಎಂದಳು ಜ್ಯೋತಿ. ಆಮೇಲೆ ಗಂಡನಿಗೆ ಮಾಡಿ ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಅದೇ ಮಾತು ಅವನಿಗೂ ಹೇಳಿದೆ. ಅವನ ಹಿಂದೆ ಯಾರೋ ಆಟೋ ಸ್ಟಾರ್ಟ್ ಮಾಡಿ ಕಾಯುತ್ತಿದ್ದ ಸದ್ದು ಕೇಳುತ್ತಿತ್ತು.

"ನೀವ್ ಓದಿರೋರು. ನೀವ್ ಯೋಳಿದ್ರೆ ಆಯ್ತು" ಎಂದ. ಆಟೋದ ಸದ್ದು ನಿಂತಿತು.

ಆ ಮಾತಿನ ಭಾರ ಈಗಲೂ ನನ್ನ ಮೇಲಿದೆ.

ಮಧ್ಯಾಹ್ನ ಜ್ಯೋತಿ ವೀಲ್‌ಚೇರಿನಲ್ಲಿ ಕೂರದೆ ತಾನೇ ನಡೆದು ಹೋದಳು. ಬಾಗಿಲ ಹತ್ತಿರ ತಿರುಗಿ, "ಎಡಕ್ಕೇ ಮಲಗ್ಬೇಕು" ಎಂದು ನನಗೆ ಬೆರಳು ತೋರಿಸಿದಳು.

ಅಂದು ಸಂಜೆಯೇ ಅವಳ ಉಸಿರು ಕೆಟ್ಟಿತು. ಬೆಳಿಗ್ಗೆ ನಗುನಗುತ್ತಿದ್ದವಳಿಗೆ ಕತ್ತಲಾಗುವಷ್ಟರಲ್ಲಿ ಮುಖಕ್ಕೆ ಆಮ್ಲಜನಕದ ಮಾಸ್ಕು ಬಿಗಿದಿದ್ದರು ಎಂದು ಮಾರನೆಯ ದಿನ ಸಿಸ್ಟರ್ ಹೇಳಿದರು. ಮಗುವಿಗೆ ಕೊಡಬೇಕಾದ ಇಂಜೆಕ್ಷನ್ನು ಕೊಟ್ಟು ಆಗುವಷ್ಟು ಕಾದರು. ಆಮೇಲೆ ಕಾಯುವ ಹಾಗಿರಲಿಲ್ಲ. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಗಂಡು ಮಗು. ಅಂಗೈಗಿಂತ ಸ್ವಲ್ಪ ದೊಡ್ಡದು ಎಂದರು ಸಿಸ್ಟರ್. ಅದನ್ನು ಮಕ್ಕಳ ವಿಭಾಗದಲ್ಲಿ ಬಿಸಿ ತಾಗುವ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ತಾಯಿಯನ್ನು ಉಸಿರಾಟದ ಯಂತ್ರಕ್ಕೆ ಹಾಕಿದರು.

ನಾನು ದಿನಾ ರಕ್ತ ಕೊಡುತ್ತಿದ್ದೆ. ನನ್ನವೆಲ್ಲ ಒಂದೊಂದೇ ಸರಿ ಮಟ್ಟಕ್ಕೆ ಬರುತ್ತಿವೆ, ಮನೆಗೆ ಹೋಗಬಹುದು ಎಂದರು. ಆ ಸುದ್ದಿ ಕೇಳಿ ಸಂತೋಷಪಡಲು ಹೋದರೆ ಪಕ್ಕದ ಮಂಚ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿ ಆಗಲೇ ಚನ್ನರಾಯಪಟ್ಟಣದ ಹುಡುಗಿಯೊಬ್ಬಳು ಬಂದು ಮಲಗಿದ್ದಳು, ಅವಳೂ ಬಸುರಿ, ಅವಳೂ ಹೆದರಿದ್ದಳು. ಅವಳಿಗೆ ನಾನೇ ಬಿಸಿನೀರು ಕೊಟ್ಟೆ.

ಹೊರಡುವ ದಿನ ಕೆಳಗಿನ ಬಾಗಿಲ ಹತ್ತಿರ ನನ್ನ ಗಂಡನಿಗಾಗಿ ಕಾಯುತ್ತಿದ್ದೆ. ಬಿಳಿ ಹೊದಿಕೆ ಇಲ್ಲದ, ಚೂಡಿದಾರದ ಒಬ್ಬ ಹೆಂಗಸು ಬಂದು ನಿಂತರು. ಮಾಸ್ಕು ಕೆಳಗೆ ಸರಿಸಿ ನೀರು ಕುಡಿಯುತ್ತಿದ್ದರು. ಮೂಗಿನ ಮೇಲೆ, ಕೆನ್ನೆಯ ಮೇಲೆ ಕನ್ನಡಕ ಒತ್ತಿದ ಕೆಂಪು ಗೆರೆ. ಧ್ವನಿ ಕೇಳಿದ ಮೇಲೆಯೇ ಶೈಲಜಾ ಡಾಕ್ಟರೆಂದು ಗೊತ್ತಾದದ್ದು. ನನಗಿಂತ ಚಿಕ್ಕವರು.

"ಜ್ಯೋತಿ?" ಎಂದೆ.

"ಅವಳ ರಕ್ತ ನಿನ್ನೆಯಿಂದ ಸರಿ ದಾರಿಗೆ ಬರ್ತಿದೆ. ಉಳೀತಾಳೆ ಅಂತ ಅನ್ನಿಸ್ತಿದೆ." ಬಾಟಲಿಯ ಮುಚ್ಚಳ ಹಾಕಿದರು. "ಮಗು ಇವತ್ತು ಬೆಳಿಗ್ಗೆ ಹೋಯ್ತು ಟೀಚರ್. ಸೋಂಕು ತಡೀಲಿಲ್ಲ. ಅವಳಿಗಿನ್ನೂ ಎಚ್ಚರ ಇಲ್ಲ."

ಆಸ್ಪತ್ರೆಯ ಅಂಗಳದ ಮರದ ಕೆಳಗೆ ಒಬ್ಬ ಗಂಡಸು ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತಿದ್ದ. ಹಿಂದೆಂದೂ ನೋಡಿರದಿದ್ದರೂ ಮಾದೇಶನೇ ಎಂದು ಗೊತ್ತಾಯಿತು. ತೊಡೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ್ದು ಇತ್ತು. ಅದನ್ನು ಎರಡೂ ಕೈಯಿಂದ ಹಿಡಿದಿದ್ದ, ಬಿಸಿಲು ಬೀಳದ ಹಾಗೆ ಬಗ್ಗಿಕೊಂಡು. ನಾನು ಅವನ ಹತ್ತಿರ ಹೋಗಬೇಕೆಂದುಕೊಂಡೆ. ನನ್ನ ತುಂಬಿದ ಹೊಟ್ಟೆ ಹೊತ್ತುಕೊಂಡು ಅವನೆದುರು ಹೋಗಿ ನಿಲ್ಲಲು ಕಾಲು ಬರಲಿಲ್ಲ. ಅಷ್ಟರಲ್ಲಿ ನನ್ನವರು ಬಂದರು.

ಮಳೆ ಶುರುವಾದ ಮೇಲೆ ನನಗೆ ಹೆಣ್ಣು ಮಗು ಹುಟ್ಟಿತು. ತಿಂಗಳು ತುಂಬಿಯೇ ಹುಟ್ಟಿದ್ದರಿಂದ ಏನೂ ತೊಂದರೆಯಾಗಲಿಲ್ಲ. ಜ್ಯೋತಿ ಬಹಳ ದಿನ ಆಸ್ಪತ್ರೆಯಲ್ಲಿದ್ದು ಗೊರೂರಿಗೆ ಹೋದಳೆಂದು ಮಾದೇಶ ಫೋನಿನಲ್ಲಿ ತಿಳಿಸಿದ್ದ. ಮಗುವಿನ ವಿಷಯ ಹೇಳಿದಾಗ ಅವಳು ಅಳಲಿಲ್ಲ, ಅದೇ ತನಗೆ ಭಯ ಎಂದಿದ್ದ. ಹೋಗಿ ನೋಡಬೇಕು ಎಂದುಕೊಳ್ಳುವುದು, ಮುಂದೂಡುವುದು, ಹೀಗೇ ಆಯಿತು. ದಸರಾ ಕಳೆದ ಮೇಲೆ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು, ಹಾಸನಕ್ಕೆ ಹೋಗಿ ಗೊರೂರಿನ ಬಸ್ಸು ಹತ್ತಿದೆ.

ಬಾಗಿಲು ತೆಗೆದವಳನ್ನು ನೋಡಿ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕೂದಲು ಉದುರಿ ಬೈತಲೆ ಅಗಲವಾಗಿತ್ತು. ಬಾಗಿಲಿಂದ ಚಾಪೆಯವರೆಗೆ ನಡೆದದ್ದಕ್ಕೇ ಏದುಸಿರು ಬಿಡುತ್ತಿದ್ದಳು. ಕೂತವಳು ಮೊದಲು ನನ್ನ ಮಡಿಲು ನೋಡಿದಳು.

"ಕೂಸೆಲ್ಲಿ?"

"ಮನೇಲಿ ಬಿಟ್ಟು ಬಂದೆ."

"ಯಾಕೆ? ನಾನೇನ್ ಕಣ್ ಆಕ್ತೀನಾ?"

"ಅಯ್ಯೋ, ಹಾಗಲ್ಲ ಕಣೆ. ನೋಡಿದ್ರೆ ನಿನಗೆ ನೋವಾಗುತ್ತೇನೋ ಅಂತ."

"ನೋವು ಆಗೇ ಐತಲ್ಲ ಟೀಚರಮ್ಮ" ಎಂದಳು. "ನಿಮ್ ಕೂಸು ಬಂದ್ರೆ ಬತ್ತದಾ, ಬರ್ದಿದ್ರೆ ಓಯ್ತದಾ?"

ಅವಳೇ ಎದ್ದು ಕಾಫಿ ಮಾಡಿಕೊಟ್ಟಳು. ಮುಂದಿನ ವಾರ ಗಂಡನ ಜೊತೆ ಮಗುವನ್ನು ಕರೆದುಕೊಂಡು ಮತ್ತೆ ಹೋದೆ.

ಅಂದು ಮಾದೇಶ ಹಿನ್ನೀರಿನಿಂದ ಬಂದು ಬಲೆ ಒಣಹಾಕುತ್ತಿದ್ದ. ನನ್ನ ಗಂಡ ಅವನ ಜೊತೆ ಅಂಗಳದಲ್ಲೇ ನಿಂತರು. ಒಳಗೆ ಜ್ಯೋತಿ ಎರಡೂ ಕೈ ಚಾಚಿ ನನ್ನ ಮಗಳನ್ನು ಎತ್ತಿಕೊಂಡಳು. ಮೈ ಒತ್ತಿ ನೋಡಿದಳು, ಕಾಲು ಹಿಡಿದು ನೋಡಿದಳು, ನೆತ್ತಿ ಮೂಸಿದಳು. ಕಾಲು ನೀಡಿಕೊಂಡು ಕೂತು ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡಳು. ಮಗು ಅವಳ ಸೆರಗಿನ ತುದಿ ಹಿಡಿದು ಬಾಯಿಗಿಟ್ಟುಕೊಂಡಿತು.

"ನಿಮ್ ಮ್ಯಾಲೆ ಬಾಳ ಸಿಟ್ಟಿತ್ತು ನಂಗೆ" ಎಂದಳು ಮಗುವನ್ನೇ ನೋಡುತ್ತಾ. "ಎಚ್ಚರ ಆದಾಗ ಒಟ್ಟೆ ಮುಟ್ಕಂಡೆ. ಕಾಲಿ. ನಿಮ್ನೇ ಬೈದೆ. ಇವ್ರ ಮಾತ್ ಕೇಳ್ದೆ ಊರ್ಗ್ ಓಗಿದ್ರೆ ಮಗ ಒಳ್ಗೇ ಇರ್ತಿತ್ತು ಅಂತ."

ನಾನು ಮಗುವಿನ ಕಾಲಿನ ಮೇಲೆ ಕೈಯಿಟ್ಟುಕೊಂಡು ಕೂತೆ.

"ಆಮ್ಯಾಕೆ ಆ ಡಾಕ್ಟ್ರಮ್ಮ ಬಂದು ಕುಂತ್ಕಂಡು ಎಲ್ಲಾ ಯೋಳಿದ್ರು. ನಾನ್ ಸತ್ತಿದ್ರೆ ಮಗೂನೂ ಇರ್ತಿರ್ಲಿಲ್ಲ ಅಂತ. ಗೊತ್ತಾಯ್ತು. ಸಿಂಚನಂಗೆ ತಾಯಿ ಉಳುದ್ಲು, ಅದೂ ಗೊತ್ತು." ಅವಳು ತಲೆ ಎತ್ತಿದಳು. "ಆದ್ರೆ ಒಂದ್ ತಿಳೀನಿಲ್ಲ ಟೀಚರಮ್ಮ. ನನ್ ರಕ್ತ ನನ್ ಸುದ್ದಿ ಮೊದ್ಲೇ ಯೋಳ್ತು. ಅವ್ನೂ ಅದೇ ರಕ್ತದಾಗೇ ಇದ್ದೋನು. ಅವನ್ ಸುದ್ದಿ ಯಾಕೆ ಯೋಳ್ನಿಲ್ಲ?"

ಹತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿದಳು. ನಾನು ಏನಾದರೊಂದು ಹೇಳಿ ಸಮಾಧಾನ ಮಾಡಲು ಹೋಗಿದ್ದರೆ ಅವಳು ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದಳೇನೋ.

"ಏನ್ ಎಸ್ರು ಮಡಗಿದ್ದೀರಿ?" ಎಂದು ಕೇಳಿದಳು.

"ಮೈಥಿಲಿ."

ಮೈಥಿಲಿ, ಮೈಥಿಲಿ ಎಂದು ಎರಡು ಸಲ ಕರೆದಳು. ಮಗು ನಕ್ಕಿತು. ಅದರ ಬಾಯಿಂದ ಸೆರಗನ್ನು ಮೆಲ್ಲನೆ ಬಿಡಿಸುತ್ತಾ, "ಒಳ್ಗಿದ್ದಾಗ್ಲೇ ನಾನೂ ಒಂದ್ ಎಸ್ರು ಅನ್ಕಂಡಿದ್ದೆ" ಎಂದಳು. "ಮಾದೇಶಂಗೂ ಯೋಳಿಲ್ಲ. ಮಣ್ ಮಾಡುವಾಗ ಅವ್ನು ಎಸ್ರಿಲ್ದಂಗೆ ಮಾಡ್ಬುಟ್ಟ."

ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕಡೆ ಬಾಗಿ ಆ ಹೆಸರು ಹೇಳಿದಳು. ಚೆಂದದ ಹೆಸರು. ಅವಳ ಬಾಯಿಂದ ಅದು ಹೊರಗೆ ಬಂದದ್ದು ಅದೇ ಮೊದಲು. ಆಗ ಅವಳು ಅತ್ತಳು. ಕಾಲ ಮೇಲಿದ್ದ ಮಗುವನ್ನು ನಾನು ತೆಗೆದುಕೊಳ್ಳಲು ಹೋದರೆ ಬೇಡ ಎಂದು ಕೈ ಅಡ್ಡ ಹಿಡಿದಳು. ಅಳುತ್ತಲೇ ಕಾಲನ್ನು ಮೆಲ್ಲಗೆ ತೂಗುತ್ತಾ ಮೈಥಿಲಿಯನ್ನು ಮಲಗಿಸಿದಳು.

ಆ ಹೆಸರನ್ನು ನಾನು ಯಾರಿಗೂ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.